ಡಾಕ್ಟರನ್ನು ಕೇಳಿ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಹಾರ್ಮೋನ್ ಸೂಜಿ

ಕಳೆದ ಸಂಚಿಕೆಯಲ್ಲಿ ಪ್ರಾಸ್ಟೇಟ್ ಬಗ್ಗೆ, ಅಂದರೆ ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಗ್ರಂಥಿಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ: ಹಾರ್ಮೋನ್ ತಡೆಯುವ ಸೂಜಿ, ಗುಳಿಗೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ತೆಗೆದುಕೊಂಡಿಲ್ಲ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪತ್ರ ಬರೆದವರಲ್ಲಿ ರೋಗಿಗಳು ತೀರಾ ಕಡಿಮೆ. ಬರೆದದ್ದು ಹೆಂಡತಿ, ಮಗ, ಸೊಸೆ. ನಮ್ಮ ಗಂಡಸರು ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ, ಮನೆಯಲ್ಲೂ ಇಲ್ಲ, ಡಾಕ್ಟರ ಮುಂದೂ ಇಲ್ಲ. ಔಷಧಿಯ ತ್ರಾಸಿಗಿಂತ ಈ ಮೌನದ ತ್ರಾಸೇ ಜಾಸ್ತಿ ಅಂತ ನನಗೆ ಅನಿಸಿದೆ.

ಪ್ರಶ್ನೆ: ಅಪ್ಪನಿಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನೆಲುಬಿಗೆ ಹರಡಿದೆ ಅಂದಿದ್ದಾರೆ. ಮುಂದಿನ ವಾರ ಮೊದಲ ಹಾರ್ಮೋನ್ ಸೂಜಿ. ಅದಕ್ಕೂ ಮೊದಲು ಬೈಕಾಲುಟಮೈಡ್ ಗುಳಿಗೆ ಶುರು ಮಾಡಿ ಅಂತ ಬರೆದುಕೊಟ್ಟಿದ್ದಾರೆ. ಸೂಜಿ ಇದ್ದ ಮೇಲೆ ಗುಳಿಗೆ ಯಾಕೆ? ಸುಮ್ನೆ ಖರ್ಚು ಅಲ್ವಾ? - ಆಳಂದ

ಉತ್ತರ: ಸುಮ್ನೆ ಅಲ್ಲ. ಆ ಗುಳಿಗೆ ಬಿಡಬೇಡಿ.

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನಿನ ಬಲದ ಮೇಲೆ. ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಬೀಜದಲ್ಲಿ (ವೃಷಣದಲ್ಲಿ) ತಯಾರಾಗುತ್ತದೆ. ಉಳಿದ ಸ್ವಲ್ಪ, ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಕಡೆಯಿಂದ ಬರುತ್ತದೆ. ಬೀಜಕ್ಕೆ ಹುಕುಂ ಕೊಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಲ್ಯುಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಅನ್ನುವ ಸೂಜಿಗಳು ಈ ಪಿಟ್ಯುಟರಿಯನ್ನು ಬಿಡದೆ ಕೆಣಕುತ್ತವೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಹೊಸದಾಗಿ ಅಂಗಡಿ ಇಟ್ಟವನಿಗೆ ಮೊದಲ ದಿನ ಪ್ರತಿ ಹಾರ್ನೂ ಕೇಳುತ್ತದೆ, ತಿಂಗಳಾದ ಮೇಲೆ ಒಂದೂ ಕೇಳುವುದಿಲ್ಲ. ಇಲ್ಲಿಯೂ ಹಾಗೇ. ಮೊದಲ ಒಂದೆರಡು ವಾರ ಹಾರ್ಮೋನ್ ಇಳಿಯುವ ಬದಲು ಏರುತ್ತದೆ. ಆಮೇಲೆ ಪಿಟ್ಯುಟರಿ ಸುಮ್ಮನಾಗಿ, ಮೂರು ನಾಲ್ಕು ವಾರದಲ್ಲಿ ಹಾರ್ಮೋನ್ ತಳ ಕಾಣುತ್ತದೆ.

ಆ ಏರುವ ದಿನಗಳೇ ನಿಮ್ಮ ಅಪ್ಪನಂಥವರಿಗೆ ಅಪಾಯ. ಬೆನ್ನೆಲುಬಿನಲ್ಲಿ ಗಡ್ಡೆ ಇರುವಾಗ ಅದು ಸ್ವಲ್ಪ ಊದಿಕೊಂಡರೂ ಒಳಗಿನ ಬೆನ್ನುಹುರಿಯ ಮೇಲೆ ಒತ್ತಡ ಬೀಳಬಹುದು. ಬೈಕಾಲುಟಮೈಡ್ ಹಾರ್ಮೋನನ್ನು ಕಡಿಮೆ ಮಾಡುವುದಿಲ್ಲ, ಅದು ಕ್ಯಾನ್ಸರ್ ಕಣಕ್ಕೆ ಮುಟ್ಟದ ಹಾಗೆ ಅಡ್ಡ ನಿಲ್ಲುತ್ತದೆ. ಸಾಮಾನ್ಯವಾಗಿ ಕೆಲವು ವಾರ ಕೊಟ್ಟು ನಿಲ್ಲಿಸುತ್ತಾರೆ. ಯಾವಾಗ ನಿಲ್ಲಿಸಬೇಕು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಡೆಗರೆಲಿಕ್ಸ್ ಅನ್ನುವ ಇನ್ನೊಂದು ಸೂಜಿ ಇದೆ, ಅದರಲ್ಲಿ ಈ ಏರಿಕೆಯೇ ಇಲ್ಲ, ಆದರೆ ಪ್ರತಿ ತಿಂಗಳೂ ಮಾಡಿಸಬೇಕು. ಬೆನ್ನೆಲುಬಿನ ರೋಗ ಜಾಸ್ತಿ ಇದ್ದರೆ ಅದರ ಬಗ್ಗೆ ಒಮ್ಮೆ ಕೇಳಿ ನೋಡಿ.

ಈ ದಿನಗಳಲ್ಲಿ ಅಪ್ಪನಿಗೆ ಕಾಲು ಸೋತಂತೆ ಆದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ದೊಡ್ಡ ದವಾಖಾನೆಯ ತುರ್ತು ವಿಭಾಗಕ್ಕೆ ಕರೆತನ್ನಿ. ತಾಸು ತಡವಾದಷ್ಟೂ ಕಾಲಿನ ಬಲ ಮರಳಿ ಬರುವುದು ಕಷ್ಟ.

ಪ್ರಶ್ನೆ: ಅಪ್ಪನ ಪಿಎಸ್‌ಎ 186 ಇತ್ತು. ಎಲುಬಿಗೆ ಹರಡಿದೆ. ಮೂರು ತಿಂಗಳ ಸೂಜಿ ಎರಡು ಸಲ ಆಯಿತು. ಈಗ ಪಿಎಸ್‌ಎ 0.6ಕ್ಕೆ ಬಂದಿದೆ. ನೋವೂ ಇಲ್ಲ. "ನನಗೇನೂ ಆಗಿಲ್ಲ, ಹತ್ತಿ ಬಿಡಿಸೋದಿದೆ, ಸೂಜಿ ಸಾಕು" ಅಂತ ಹಟ ಹಿಡಿದಿದ್ದಾರೆ. ನಿಲ್ಲಿಸಿ ನೋಡಬಹುದಾ? - ಶಹಾಪುರ

ಉತ್ತರ: ಪಿಎಸ್‌ಎ ಅಂದರೆ ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನು, ರಕ್ತ ಪರೀಕ್ಷೆಯಲ್ಲಿ ಅದರ ಮಟ್ಟ ನೋಡಿ ರೋಗದ ಏರಿಳಿತ ಅಂದಾಜು ಮಾಡುತ್ತೇವೆ. 186ರಿಂದ 0.6 ಅಂದರೆ ಖುಷಿ ಪಡುವ ವಿಷಯವೇ. ಏಳನೇ ತಿಂಗಳ ಹೊತ್ತಿಗೆ 0.2ಕ್ಕೋ ಅದಕ್ಕೂ ಕೆಳಗೋ ಇಳಿದವರು ಹೆಚ್ಚು ವರ್ಷ ಚೆನ್ನಾಗಿರುತ್ತಾರೆ ಅನ್ನುವುದು ಗೊತ್ತಿರುವ ಸಂಗತಿ. ನಿಮ್ಮ ಅಪ್ಪ ಅದಕ್ಕೆ ಹತ್ತಿರ ಇದ್ದಾರೆ. ಆದರೆ ಪಿಎಸ್‌ಎ ಇಳಿದಿದೆ ಅಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತ, ರೋಗ ಹೋಗಿದೆ ಅಂತಲ್ಲ. ಎಲುಬಿಗೆ ಹರಡಿದ ಕ್ಯಾನ್ಸರನ್ನು ಈ ಸೂಜಿ ಬೇರುಸಹಿತ ತೆಗೆಯುವುದಿಲ್ಲ, ತಡೆದು ನಿಲ್ಲಿಸುತ್ತದೆ. ನಿಲ್ಲಿಸಿದರೆ ಬೀಜ ಮತ್ತೆ ಕೆಲಸ ಶುರು ಮಾಡುತ್ತದೆ, ಹಿಂದೆಯೇ ಕ್ಯಾನ್ಸರೂ ಎದ್ದು ಕೂರುತ್ತದೆ.

ಸೂಜಿಗೆ ಬಿಡುವು ಕೊಟ್ಟು, ಪಿಎಸ್‌ಎ ಏರಿದಾಗ ಮತ್ತೆ ಶುರು ಮಾಡುವ ಪದ್ಧತಿ ಇದೆ, ಸುಳ್ಳಲ್ಲ. ಅದು ಕೆಲವರಿಗೆ ಮಾತ್ರ, ಡಾಕ್ಟರು ರಕ್ತ ಪರೀಕ್ಷೆ ನೋಡುತ್ತ ಮಾಡುವಂಥದ್ದು. ಎಲುಬಿಗೆ ಹರಡಿದವರಿಗೆ ಬಿಡುವಿಲ್ಲದೆ ಕೊಡುವುದೇ ವಾಡಿಕೆ. ಹತ್ತಿ ಬಿಡಿಸುವ ಕಾರಣಕ್ಕೆ ಮನೆಯಲ್ಲೇ ತೀರ್ಮಾನ ಮಾಡುವ ವಿಷಯ ಇದಲ್ಲ.

ಇನ್ನು ತಾರೀಕಿನ ವಿಷಯ. ಮೂರು ತಿಂಗಳ ಸೂಜಿ ಅಂತ ಕರೆಯುತ್ತೇವೆ, ಆದರೆ ಅದರಲ್ಲಿ ಕೆಲವಕ್ಕೆ ಲೆಕ್ಕ 12 ವಾರ, ಅಂದರೆ 84 ದಿನ. ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಎಣಿಸಿದರೆ ಒಂದು ವಾರ ಜಾರಿಹೋಗುತ್ತದೆ. ಒಂದೆರಡು ದಿನ ಹೆಚ್ಚುಕಡಿಮೆ ಆದರೆ ಗಾಬರಿ ಬೇಡ, ಆದರೆ "ಜಾತ್ರೆ ಮುಗಿಯಲಿ, ರಾಶಿ ಮುಗಿಯಲಿ" ಅಂತ ವಾರಗಟ್ಟಲೆ ದೂಡುವವರನ್ನು ನೋಡಿ ನೋಡಿ ಸಾಕಾಗಿದೆ. ಸೂಜಿ ಮಾಡಿಸಿದ ದಿನವೇ ಮುಂದಿನ ತಾರೀಕು ಗೋಡೆಯ ಮೇಲೆ ಬರೆಸಿ. ಪಿಎಸ್‌ಎ ಜೊತೆಗೆ ಒಮ್ಮೆ ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನೂ ಮಾಡಿಸಿ. ಅದು 50 ನ್ಯಾನೋಗ್ರಾಂಗಿಂತ ಕೆಳಗಿರಬೇಕು (ಡೆಸಿಲೀಟರಿಗೆ), 20ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು.

ಬಿಸಿಲು ಊರಿನವರಿಗೆ ಇನ್ನೊಂದು ಮಾತು. ಈ ಸೂಜಿಗಳಲ್ಲಿ ಕೆಲವನ್ನು ಫ್ರಿಜ್ಜಿನಲ್ಲಿ ಇಡಬೇಕು, ಕೆಲವನ್ನು 25 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಾಕು. ಎಪ್ರಿಲ್‌ನಲ್ಲಿ ಯಾದಗಿರಿ ಜಿಲ್ಲೆಯಲ್ಲಿ 25 ಡಿಗ್ರಿ ಎಲ್ಲಿ ಸಿಗುತ್ತದೆ ಹೇಳಿ? ಮೆಡಿಕಲ್‌ನಿಂದ ಕೊಂಡು, ಚೀಲದಲ್ಲಿಟ್ಟುಕೊಂಡು, ಬಸ್ಸಿನ ಕಿಟಕಿ ಪಕ್ಕ ಕೂತು ಊರಿಗೆ ಒಯ್ಯಬೇಡಿ. ಕೊಂಡ ಕಡೆಯಲ್ಲೇ ಮಾಡಿಸಿಕೊಳ್ಳಿ, ಇಲ್ಲ ಐಸ್ ಪೆಟ್ಟಿಗೆಯಲ್ಲಿ ತೆಗೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಕಾಕಾನಿಗೆ 74. ಜೀವನಪೂರ್ತಿ ಸೂಜಿ ಬೇಕು, ಇಲ್ಲ ಒಂದೇ ಸಲ ಬೀಜ ತೆಗೆಯುವ ಆಪರೇಷನ್ ಮಾಡಿಸಿ ಅಂದರು. ಸೂಜಿಯ ದುಡ್ಡು ನಮ್ಮ ಕೈಲಿ ಆಗುವುದಿಲ್ಲ. ಕಾಕಾ ಮಾತ್ರ "ಸತ್ತರೂ ಸರಿ, ಗಂಡಸ್ತನ ಕಳೆದುಕೊಳ್ಳೋದಿಲ್ಲ" ಅಂತಾರೆ. ಏನು ಹೇಳಿ ಒಪ್ಪಿಸಬೇಕು? - ಚಿಂಚೋಳಿ

ಉತ್ತರ: ಒಪ್ಪಿಸುವುದಕ್ಕೆ ಮೊದಲು ಅವರಿಗೆ ಪೂರ್ತಿ ವಿಷಯ ಹೇಳಿ. ಬಹಳ ಮನೆಗಳಲ್ಲಿ ಆಪರೇಷನ್ ಅಂದರೆ ಗಂಡಸ್ತನ ಹೋಗುತ್ತದೆ, ಸೂಜಿ ಅಂದರೆ ಉಳಿಯುತ್ತದೆ ಅಂತ ತಿಳಿದುಕೊಂಡಿರುತ್ತಾರೆ. ಹಾಗಿಲ್ಲ. ಎರಡೂ ಮಾಡುವುದು ಒಂದೇ ಕೆಲಸ, ಟೆಸ್ಟೋಸ್ಟೆರಾನ್ ಇಳಿಸುವುದು. ಆಸೆ ಕಡಿಮೆಯಾಗುವುದು, ನಿಮಿರುವಿಕೆ ಹೋಗುವುದು ಎರಡರಲ್ಲೂ ಇದೆ. ಕ್ಯಾನ್ಸರನ್ನು ಹಿಡಿದಿಡುವುದರಲ್ಲೂ ಎರಡೂ ಸಮ. ವ್ಯತ್ಯಾಸ ಇಷ್ಟೇ, ಸೂಜಿ ನಿಲ್ಲಿಸಿದರೆ ಹಾರ್ಮೋನ್ ಮರಳಬಹುದು, ಆಪರೇಷನ್ ಆದ ಮೇಲೆ ಮರಳುವುದಿಲ್ಲ. ಜೀವನಪೂರ್ತಿ ಬೇಕಾದವರಿಗೆ ಆ ವ್ಯತ್ಯಾಸ ದೊಡ್ಡದಲ್ಲ. ರೇಡಿಯೇಷನ್ ಜೊತೆಗೆ ಆರು ತಿಂಗಳೋ ಎರಡು ವರ್ಷವೋ ಮಾತ್ರ ಬೇಕಾದವರಿಗೆ ಮಾತ್ರ ಆಪರೇಷನ್ ಸರಿಯಲ್ಲ, ಅಂಥವರಿಗೆ ಸೂಜಿಯೇ ಆಗಬೇಕು.

ಇದು ಹೊಸ ಪ್ರಯೋಗವೂ ಅಲ್ಲ. ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಅನ್ನುವ ಡಾಕ್ಟರು 1941ರಲ್ಲಿ ಬೀಜ ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ, ಎಲುಬಿನ ನೋವು ಇಳಿಯುತ್ತದೆ ಅಂತ ತೋರಿಸಿದರು. ಅದಕ್ಕೇ 1966ರಲ್ಲಿ ಅವರಿಗೆ ನೊಬೆಲ್ ಬಂತು. ಸೂಜಿಗಳು ಬಂದದ್ದು ಎಷ್ಟೋ ವರ್ಷದ ನಂತರ.

ಆಪರೇಷನ್ ಸಣ್ಣದು. ಸೊಂಟಕ್ಕೆ ಮದ್ದು ಕೊಟ್ಟು ಮಾಡುತ್ತಾರೆ, ಕೆಲವೊಮ್ಮೆ ಆ ಜಾಗಕ್ಕಷ್ಟೇ ಮದ್ದು ಕೊಟ್ಟೂ ಮಾಡುತ್ತಾರೆ. ಬಹಳ ಮಂದಿ ಅದೇ ದಿನ, ಇಲ್ಲ ಮರುದಿನ ಮನೆಗೆ ಹೋಗುತ್ತಾರೆ. ಹಾರ್ಮೋನ್ ಅರ್ಧ ದಿನದೊಳಗೇ ಇಳಿದುಬಿಡುತ್ತದೆ, ಸೂಜಿಯಲ್ಲಿರುವ ಮೊದಲ ದಿನಗಳ ಏರಿಕೆ ಇಲ್ಲ. ಮೇಲಿನ ಚೀಲ ಹಾಗೇ ಇರುತ್ತದೆ. ಒಳಗಿನ ತಿರುಳು ಮಾತ್ರ ತೆಗೆಯುವ ವಿಧಾನವೂ ಇದೆ, ಅದರಲ್ಲಿ ಚೀಲ ಪೂರ್ತಿ ಖಾಲಿ ಕಾಣುವುದಿಲ್ಲ. ಧೋತರ ಉಟ್ಟ ಮೇಲೆ ಯಾರಿಗೆ ಗೊತ್ತಾಗುತ್ತದೆ? ದನಿ ಹೆಣ್ಣಾಗುವುದಿಲ್ಲ, ಮೀಸೆ ಉದುರುವುದಿಲ್ಲ. ಮೈಮೇಲಿನ ಕೂದಲು ಸ್ವಲ್ಪ ತೆಳುವಾಗಬಹುದು, ಅಷ್ಟೇ.

ದುಡ್ಡಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಪರೇಷನ್‌ಗೆ ಏನು ಸಿಗುತ್ತದೆ, ಸೂಜಿಗೆ ಏನು ಸಿಗುತ್ತದೆ ಅಂತ ದವಾಖಾನೆಯ ಆರೋಗ್ಯಮಿತ್ರರ ಹತ್ತಿರ ಕೂತು ಕೇಳಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ, ಮೊದಲೇ ಬೆಂಗಳೂರಿಗೆ ಓಡಬೇಕಾಗಿಲ್ಲ. ಇಷ್ಟೆಲ್ಲ ತಿಳಿದ ಮೇಲೂ ಕಾಕಾ ಸೂಜಿಯೇ ಬೇಕು ಅಂದರೆ ಅದು ಅವರ ಮೈ, ಅವರ ಮಾತು ನಡೆಯಬೇಕು. ಅರ್ಧ ವಿಷಯ ಮುಚ್ಚಿಟ್ಟು ಟೇಬಲ್ ಮೇಲೆ ಮಲಗಿಸುವುದು ಮಾತ್ರ ಬೇಡ.

ಪ್ರಶ್ನೆ: ನಮ್ಮ ಮನೆಯವರಿಗೆ 66. ರೇಡಿಯೇಷನ್ ಆಯಿತು, ಎರಡು ವರ್ಷ ಸೂಜಿ ಅಂದಿದ್ದಾರೆ. ಎಂಟು ತಿಂಗಳಾಯಿತು. ಮೈ ಒಮ್ಮೆಲೇ ಉರಿದು ಬೆವರು ಕಿತ್ತುಬರುತ್ತದೆ, ರಾತ್ರಿ ಬನಿಯನ್ ತೊಯ್ದುಹೋಗುತ್ತದೆ. ಸಣ್ಣ ಮಾತಿಗೂ ಸಿಟ್ಟು. ಮೊನ್ನೆ ಟಿವಿ ನೋಡುತ್ತ ಅತ್ತುಬಿಟ್ಟರು. ಹಾಸಿಗೆ ಬೇರೆ ಮಾಡಿಕೊಂಡಿದ್ದಾರೆ. ನನ್ನಿಂದ ಏನಾದರೂ ತಪ್ಪಾಯಿತೇನೋ ಅಂತ ಕೊರಗು. ಡಾಕ್ಟರ ಹತ್ತಿರ ಕೇಳಲು ನಾಚಿಕೆ. - ಹುಮನಾಬಾದ್

ಉತ್ತರ: ಅಕ್ಕಾರೆ, ನಿಮ್ಮಿಂದ ಏನೂ ತಪ್ಪಾಗಿಲ್ಲ, ಅವರಿಂದಲೂ ಆಗಿಲ್ಲ. ನೀವು ಬರೆದಿರುವುದರಲ್ಲಿ ಪ್ರತಿಯೊಂದೂ ಈ ಸೂಜಿಯಿಂದ ಆಗುವಂಥದ್ದೇ. ಸೂಜಿ ಶುರು ಮಾಡುವ ದಿನವೇ ನಿಮ್ಮಿಬ್ಬರನ್ನೂ ಕೂರಿಸಿ ಯಾರಾದರೂ ಹೇಳಿದ್ದರೆ ಈ ಎಂಟು ತಿಂಗಳ ಕೊರಗು ಇರುತ್ತಿರಲಿಲ್ಲ. ಹೊರರೋಗಿ ವಿಭಾಗದ ಗದ್ದಲದಲ್ಲಿ ಅದು ಆಗುವುದೇ ಇಲ್ಲ, ಅದು ನಮ್ಮ ಕಡೆಯವರ ತಪ್ಪು.

ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರಿಗೆ ಮೈ ಉರಿದು ಬೆವರುವುದು ನಿಮಗೆ ಗೊತ್ತಲ್ಲ, ಅದೇ ಇದು. ಹಾರ್ಮೋನ್ ಏಕಾಏಕಿ ಇಳಿದಾಗ ಮಿದುಳಿನಲ್ಲಿ ಮೈ ಬಿಸಿಯನ್ನು ನೋಡಿಕೊಳ್ಳುವ ಜಾಗ ತಾಳ ತಪ್ಪುತ್ತದೆ. ಕೆಲವು ನಿಮಿಷ ಇದ್ದು ಹೋಗುತ್ತದೆ. ಸುಡು ಸುಡು ಚಹಾ, ಜಾಸ್ತಿ ಖಾರ, ಪಾಲಿಸ್ಟರ್ ಅಂಗಿ ಇದನ್ನು ಕೆರಳಿಸುತ್ತವೆ. ಹತ್ತಿ ಬಟ್ಟೆ ಹಾಕಿಸಿ, ರಾತ್ರಿ ತಲೆದೆಸೆಗೆ ಒಣ ಟವೆಲ್, ತಂಬಿಗೆ ನೀರು ಇಡಿ. ತೀರಾ ತ್ರಾಸ ಆದರೆ ಗುಳಿಗೆಗಳಿವೆ, ಡಾಕ್ಟರನ್ನು ಕೇಳಿದರೆ ಬರೆದುಕೊಡುತ್ತಾರೆ. ಶುಗರ್ ಇದ್ದವರು ಮಾತ್ರ ಬೆವರು ಬಂದಾಗ ಒಮ್ಮೆ ಶುಗರ್ ನೋಡಿಕೊಳ್ಳಿ, ಶುಗರ್ ಇಳಿದಾಗಲೂ ಹೀಗೇ ಬೆವರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ತಲೆ ಸುತ್ತಿ, ಬೆವರೇ ನಿಂತು ಮೈ ಕಾದರೆ ಅದು ಸೂಜಿಯ ಬಿಸಿ ಅಲ್ಲ, ಬಿಸಿಲು ಹೊಡೆದದ್ದು. ಆಗ ಮೈ ಒದ್ದೆ ಮಾಡಿ ತಂಪು ಮಾಡುತ್ತ ದವಾಖಾನೆಗೆ ಕರೆದುಕೊಂಡು ಹೋಗಿ.

ಸಿಟ್ಟು, ಅಳು, ನಿದ್ದೆ ಕೆಡುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಇದೂ ಔಷಧಿಯ ಪಾಲೇ. "ಇಷ್ಟು ವಯಸ್ಸಾದವರು ಅಳ್ತಾರಾ" ಅಂತ ಮಕ್ಕಳು ನಗದಂತೆ ನೋಡಿಕೊಳ್ಳಿ. ವಾರಗಟ್ಟಲೆ ಮಂಕಾಗಿದ್ದರೆ, ಬದುಕಿ ಏನು ಮಾಡಬೇಕು ಅನ್ನುವ ಮಾತು ಬಂದರೆ ತಡಮಾಡದೆ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಹಾಸಿಗೆಯ ವಿಷಯ ನೇರ ಹೇಳುತ್ತೇನೆ. ಆಸೆ ಹೋಗಿರುವುದು ನಿಮ್ಮ ಮೇಲಲ್ಲ, ಆಸೆ ಹುಟ್ಟಿಸುವ ಹಾರ್ಮೋನೇ ಇಲ್ಲ. ಬಹಳ ಗಂಡಸರು ಹತ್ತಿರ ಬಂದು ಸೋಲುವುದಕ್ಕಿಂತ ದೂರ ಇರುವುದೇ ವಾಸಿ ಅಂದುಕೊಂಡು ಮಾತೂ ನಿಲ್ಲಿಸುತ್ತಾರೆ. ಸಿಲ್ಡೆನಾಫಿಲ್ ಗುಳಿಗೆ ಕೆಲವರಿಗೆ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಅದು ಆಸೆ ಹುಟ್ಟಿಸುವುದಿಲ್ಲ, ಹೃದಯಕ್ಕೆ ನೈಟ್ರೇಟ್ ಗುಳಿಗೆ ತಿನ್ನುವವರು ಮುಟ್ಟಲೇಬಾರದು. ಎರಡು ವರ್ಷದ ಸೂಜಿ ಮುಗಿದ ಮೇಲೆ ಹಾರ್ಮೋನ್ ನಿಧಾನಕ್ಕೆ ಮರಳುತ್ತದೆ, ತಿಂಗಳುಗಳು ಬೇಕು, ಕೆಲವು ಹಿರಿಯರಲ್ಲಿ ಪೂರ್ತಿ ಮರಳದೆಯೂ ಇರಬಹುದು. ಮುಂದಿನ ಸಲ ಸೂಜಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ. ಬಾಯಲ್ಲಿ ಹೇಳಲು ನಾಚಿಕೆ ಆದರೆ ನನಗೆ ಬರೆದ ಇದೇ ಪತ್ರವನ್ನು ಡಾಕ್ಟರ ಕೈಗೆ ಕೊಡಿ. ಮೊದಲು ಮನೆಯವರಿಗೇ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಮತ್ತು ಡ್ಯೂಟಾಸ್ಟೆರೈಡ್ ಗುಳಿಗೆ ಒಂದು ವರ್ಷದಿಂದ ಇದೆ. ಇದೂ ಹಾರ್ಮೋನ್ ಔಷಧಿ ಅಂತ ಓದಿದೆ. ಹಾಗಾದರೆ ನನಗೆ ಕ್ಯಾನ್ಸರ್ ಇದೆಯೇ? - ಕಲಬುರಗಿ

ಉತ್ತರ: ಆ ಗುಳಿಗೆ ಕ್ಯಾನ್ಸರಿಗೆ ಕೊಡುವಂಥದ್ದಲ್ಲ ಸರ್. ಅದು ವಯಸ್ಸಿಗೆ ಉಬ್ಬಿದ ಪ್ರಾಸ್ಟೇಟ್‌ಗೆ ಕೊಡುವ ಜೋಡಿ. ಡ್ಯೂಟಾಸ್ಟೆರೈಡ್ ಪ್ರಾಸ್ಟೇಟ್ ಒಳಗಿನ ಹಾರ್ಮೋನನ್ನು ತಗ್ಗಿಸಿ ಗ್ರಂಥಿಯನ್ನು ಕುಗ್ಗಿಸುತ್ತದೆ. ನೀವು ನೆನಪಿಡಬೇಕಾದದ್ದು ಒಂದೇ: ಆರು ತಿಂಗಳು ತಿಂದ ಮೇಲೆ ಇದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ನಿಮ್ಮ ವರದಿಯಲ್ಲಿ 3 ಅಂತಿದ್ದರೆ ಅದನ್ನು 6 ಅಂತ ಓದಬೇಕು. ಪರೀಕ್ಷೆ ನೋಡುವ ಡಾಕ್ಟರಿಗೆ ಈ ಗುಳಿಗೆಯ ವಿಷಯ ಹೇಳದೆ ಇರಬೇಡಿ.

ಪ್ರಶ್ನೆ: ಮಾವನವರಿಗೆ ಸೂಜಿಯ ಜೊತೆಗೆ ಅಬಿರಾಟೆರೋನ್ ಗುಳಿಗೆ ಶುರು ಮಾಡಿದ್ದಾರೆ, ದಿನಕ್ಕೆ ನಾಲ್ಕು. ನಾನೇ ತೆಗೆದುಕೊಡುತ್ತೇನೆ, ನಾನೀಗ ಐದು ತಿಂಗಳ ಬಸುರಿ. ಗುಳಿಗೆ ಊಟಕ್ಕೆ ಮೊದಲೋ ಆಮೇಲೋ? ಇಷ್ಟು ಗುಳಿಗೆ ಇದ್ದ ಮೇಲೆ ಸೂಜಿ ಬಿಡಬಹುದಾ? ಊರಲ್ಲೊಬ್ಬರು ಪುಡಿ ಕೊಡುತ್ತಾರೆ, ಅದನ್ನೂ ಕೊಡಬಹುದಾ? - ಬೀದರ್

ಉತ್ತರ: ಮೊದಲು ನಿಮ್ಮ ವಿಷಯ, ತಂಗಿ. ಆ ಗುಳಿಗೆಯನ್ನು ಇವತ್ತಿನಿಂದ ಬರಿಗೈಯಲ್ಲಿ ಮುಟ್ಟಬೇಡಿ. ಹೊಟ್ಟೆಯಲ್ಲಿರುವ ಮಗುವಿಗೆ ಅದು ಒಳ್ಳೆಯದಲ್ಲ. ಮಾವನವರೇ ತೆಗೆದುಕೊಳ್ಳಲಿ, ಇಲ್ಲ ಮನೆಯ ಗಂಡಸರು ಯಾರಾದರೂ ಕೊಡಲಿ. ಇಲ್ಲಿಯತನಕ ಮುಟ್ಟಿದ್ದರ ಬಗ್ಗೆ ನಿಮ್ಮನ್ನು ನೋಡುವ ಹೆರಿಗೆ ಡಾಕ್ಟರಿಗೆ ಒಂದು ಮಾತು ಹೇಳಿಡಿ, ಹೆದರಬೇಡಿ.

ಗುಳಿಗೆ ಖಾಲಿ ಹೊಟ್ಟೆಗೆ. ಉಂಡು ಎರಡು ತಾಸು ಆಗಿರಬೇಕು, ನುಂಗಿದ ಮೇಲೆ ಒಂದು ತಾಸು ಏನೂ ತಿನ್ನಬಾರದು. ನಮ್ಮಲ್ಲಿ ಎಲ್ಲ ಗುಳಿಗೆಯೂ ಊಟದ ಮೇಲೆ ಅನ್ನುವ ರೂಢಿ. ಇದನ್ನು ಎಣ್ಣೆ ತುಪ್ಪದ ಊಟದ ಜೊತೆ ಕೊಟ್ಟರೆ ರಕ್ತಕ್ಕೆ ಸೇರುವುದು ಹತ್ತು ಪಟ್ಟಿನವರೆಗೂ ಏರಬಹುದು. ಬೆಳಗ್ಗೆ ಎದ್ದ ಕೂಡಲೇ ನೀರಿನ ಜೊತೆ ಕೊಟ್ಟರೆ ಸುಲಭ. ಇದರ ಜೊತೆಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಗುಳಿಗೆ ಕೊಟ್ಟಿರುತ್ತಾರೆ, ಅದು ಮಾತ್ರ ತಿಂಡಿಯ ಮೇಲೆ. ಪ್ರೆಡ್ನಿಸೊಲೋನನ್ನು ಒಮ್ಮೆಲೇ ನಿಲ್ಲಿಸಬಾರದು. ಅಬಿರಾಟೆರೋನ್‌ನಿಂದ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು, ಲಿವರ್‌ಗೆ ತೊಂದರೆ ಆಗಬಹುದು. ಅದಕ್ಕೇ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಲಿವರ್ ಪರೀಕ್ಷೆ.

ಸೂಜಿ ಬಿಡುವಂತಿಲ್ಲ. ಸೂಜಿ ಬೀಜದ ಹಾರ್ಮೋನ್ ನಿಲ್ಲಿಸುತ್ತದೆ, ಈ ಗುಳಿಗೆ ಅಡ್ರಿನಲ್‌ನಲ್ಲೂ ಕ್ಯಾನ್ಸರ್ ಕಣದ ಒಳಗೂ ತಯಾರಾಗುವುದನ್ನು ನಿಲ್ಲಿಸುತ್ತದೆ. ಮೊದಲೆಲ್ಲ ಸೂಜಿ ಸೋತ ಮೇಲೆ ಇದನ್ನು ಕೊಡುತ್ತಿದ್ದರು. 2017ರಲ್ಲಿ ದೊಡ್ಡ ಅಧ್ಯಯನಗಳು ಬಂದ ಮೇಲೆ, ಹರಡಿದ ರೋಗಕ್ಕೆ ಶುರುವಿನಿಂದಲೇ ಜೊತೆಗೆ ಕೊಟ್ಟರೆ ಹೆಚ್ಚು ವರ್ಷ ಬದುಕುತ್ತಾರೆ ಅಂತ ಗೊತ್ತಾಯಿತು. ಇನ್ನು ಆ ಪುಡಿ. ಅದರಲ್ಲಿ ಏನಿದೆ ಅಂತ ಕೊಡುವವರೇ ಹೇಳುವುದಿಲ್ಲ. ಲಿವರ್ ಏರುಪೇರಾದರೆ ಗುಳಿಗೆಯಿಂದಲೋ ಪುಡಿಯಿಂದಲೋ ತಿಳಿಯದೆ ನಾವು ಒಳ್ಳೆಯ ಔಷಧಿಯನ್ನೇ ನಿಲ್ಲಿಸಬೇಕಾಗುತ್ತದೆ. ಬೇಡ.

ಪ್ರಶ್ನೆ: ನಾನೇ ರೋಗಿ. 68 ವರ್ಷ. ಒಂದು ವರ್ಷದಿಂದ ಸೂಜಿ. ಹೊಟ್ಟೆ ಬಂದಿದೆ, ತೊಡೆ ಸಣ್ಣ ಆಗಿದೆ. ಎಲುಬು ಸವೆಯುತ್ತದೆ, ಹೊಲದ ಕೆಲಸ ಬಿಡು, ಮಲಗಿರು ಅಂತಾರೆ. ಏನು ತಿನ್ನಬೇಕು, ಏನು ಮಾಡಬೇಕು? - ಸೇಡಂ

ಉತ್ತರ: ನೀವೇ ಬರೆದಿರಲ್ಲ, ಸಂತೋಷ ಅಣ್ಣಾ. ಮಲಗಬೇಡಿ. ಟೆಸ್ಟೋಸ್ಟೆರಾನ್ ಇಲ್ಲದಿದ್ದರೆ ಸ್ನಾಯು ಕರಗುತ್ತದೆ, ಕೊಬ್ಬು ಕೂಡುತ್ತದೆ, ಎಲುಬು ತೆಳುವಾಗುತ್ತದೆ, ಶುಗರ್ ಮತ್ತು ಹೃದಯದ ತೊಂದರೆಯೂ ಹೆಚ್ಚುತ್ತದೆ. ಮಲಗಿದರೆ ಈ ಎಲ್ಲವೂ ಬೇಗ ಆಗುತ್ತದೆ. ಕ್ಯಾನ್ಸರ್ ಎಲುಬಿಗೆ ಹರಡಿಲ್ಲದಿದ್ದರೆ ನಡಿಗೆ, ಹೊಲದ ಕೆಲಸ ಎಲ್ಲ ಮಾಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಇಂಥ ಬಲ ಹಾಕುವ ವ್ಯಾಯಾಮ ವಾರದಲ್ಲಿ ಎರಡು ಮೂರು ಸಲ ಬೇಕು. ಹರಡಿದ್ದರೆ ಯಾವ ಭಾರ ಎತ್ತಬಹುದು ಅಂತ ಡಾಕ್ಟರನ್ನು ಕೇಳಿ ಎತ್ತಿ.

ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ ಏನೂ ಬಿಡಬೇಕಾಗಿಲ್ಲ. ಆದರೆ ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ. ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೇಲೇ ಇದೆ. ನಮ್ಮ ಕಡೆ ರಾಗಿ ಅಂದರೆ ಮೂಗು ಮುರಿಯುತ್ತಾರೆ, ಅಂಬಲಿ ಮಾಡಿ ಮಜ್ಜಿಗೆ ಹಾಕಿ ಕುಡಿದು ನೋಡಿ. ಸಜ್ಜೆ ರೊಟ್ಟಿಗೆ ಎಳ್ಳು ಜಾಸ್ತಿ ಹಚ್ಚಿಸಿ. ಮೊಸರು ಇರಲಿ. ವಿಟಮಿನ್ ಡಿ ಮಟ್ಟ ಒಮ್ಮೆ ನೋಡಿಸಿ, ಬಿಸಿಲು ಇಷ್ಟಿದ್ದರೂ ನಮ್ಮವರಲ್ಲಿ ಕಡಿಮೆ ಇರುವವರು ಬಹಳ. ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ಕ್ಯಾಲ್ಸಿಯಂ ಗುಳಿಗೆಯನ್ನು ನೀವಾಗಿಯೇ ಶುರು ಮಾಡಬೇಡಿ.

ಡೆಕ್ಸಾ ಸ್ಕ್ಯಾನ್ ಮಾಡಿದರೆ ಎಲುಬು ಎಷ್ಟು ತೆಳುವಾಗಿದೆ ಅಂತ ಗೊತ್ತಾಗುತ್ತದೆ. ಜಾಸ್ತಿ ತೆಳುವಾಗಿದ್ದರೆ ಜೊಲೆಡ್ರೋನಿಕ್ ಆ್ಯಸಿಡ್ ಅಥವಾ ಡೆನೊಸುಮ್ಯಾಬ್ ಸೂಜಿ ಕೊಡುತ್ತಾರೆ. ಅದಕ್ಕೂ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಆ ಸೂಜಿ ಶುರುವಾದ ಮೇಲೆ ಹಲ್ಲು ಕೀಳಿಸಿದರೆ ದವಡೆಯ ಎಲುಬು ಮಾಯದೆ ಕೊಳೆಯುವ ತೊಂದರೆ ಕೆಲವರಿಗೆ ಆಗುತ್ತದೆ. ತಂಬಾಕು, ಗುಟ್ಕಾ ಹಾಕುವ ಬಾಯಾದರೆ ಅಲ್ಲಾಡುವ ಹಲ್ಲು ಒಂದೆರಡಾದರೂ ಇರುತ್ತವೆ, ಅವನ್ನು ಮೊದಲೇ ತೆಗೆಸಿ, ಬಾಯಿ ಮಾಯ್ದ ಮೇಲೆ ಸೂಜಿ ಮಾಡಿಸಿಕೊಳ್ಳಿ.